ಎರಡು ಚೀಲಗಳ ನಡುವೆ ಒಂದು ಮಾತು

ನಮ್ಮ ಮನೆಗೆ ಮೊದಲ ಸಲ ಬಂದವರು ನಡುಮನೆಯ ಗೋಡೆ ನೋಡಿ, ಈ ಮನೆಯವರು ತಾಲ್ಲೂಕಿನ ಒಂದು ಮದುವೆಯನ್ನೂ ಬಿಟ್ಟವರಲ್ಲ ಎಂದುಕೊಳ್ಳುತ್ತಾರೆ. ಅವರ ತಪ್ಪಲ್ಲ. ಗೋಡೆಗೆ ಸಾಲಾಗಿ ಮೊಳೆ ಹೊಡೆಸಿದ್ದೇನೆ. ಒಂದೊಂದು ಮೊಳೆಯಲ್ಲೂ ಒಂದೊಂದು ತಾಂಬೂಲದ ಚೀಲ ತೂಗುತ್ತಿರುತ್ತದೆ. ಕೆಂಪು ಚೀಲದ ಮೇಲೆ ಹೂಬಳ್ಳಿಯ ನಡುವೆ ‘ಮಂಜುಳ – ಗಿರೀಶ’ ಎಂದು ಅಚ್ಚಾಗಿದೆ. ಹಳದಿಯದರ ಮೇಲೆ ‘ಪವಿತ್ರ – ನವೀನ್‌ಕುಮಾರ್’. ಹಸಿರಿನದು ಯಾರದೋ ಗೃಹಪ್ರವೇಶದ್ದು. ನಾಲ್ಕನೆಯದು ಒಗೆದು ಒಗೆದು ಹೆಸರು ಅಳಿಸಿಹೋಗಿ, ಯಾವ ದಂಪತಿಗಳದ್ದೆಂದು ಆ ದಂಪತಿಗಳಿಗೂ ಗೊತ್ತಾಗಲಾರದ ಸ್ಥಿತಿಯಲ್ಲಿದೆ. ಚೀಲಗಳೊಳಗೆ ತೆಂಗಿನಕಾಯಿಯೂ ಇಲ್ಲ, ಎಲೆಯಡಿಕೆಯೂ ಇಲ್ಲ. ಅಲ್ಲಿರುವುದು ಪುಸ್ತಕಗಳು, ಇನ್ನೂ ಪುಸ್ತಕವಾಗದ ಪುಸ್ತಕಗಳು.

ನಾನು ಇನ್ನೊಬ್ಬರು ಬರೆದದ್ದನ್ನು ತಿದ್ದಿಕೊಡುವವಳು. ಚಿಕ್ಕಬಳ್ಳಾಪುರದ ಒಂದು ಮುದ್ರಣಾಲಯದಲ್ಲಿ ಬಹಳ ವರ್ಷ ಕರಡು ನೋಡುವ ಕೆಲಸದಲ್ಲಿದ್ದೆ. ಆ ಮುದ್ರಣಾಲಯ ಪುಸ್ತಕ ಬಿಟ್ಟು ಬ್ಯಾನರಿಗೆ ತಿರುಗಿದ ಮೇಲೆ ಮನೆಯಲ್ಲೇ ಮೇಜು ಹಾಕಿಕೊಂಡು ಕೂತೆ. ಕಾದಂಬರಿ, ಕಥೆ, ಮಕ್ಕಳ ಪದ್ಯ, ಏನೇ ಬರಲಿ, ಒಂದು ಚೀಲಕ್ಕೆ ಒಂದು ಕೃತಿ. ಮನೆಯಲ್ಲಿ ಈಗ ಪುಸ್ತಕಗಳಿಗೆ ಅವುಗಳ ಹೆಸರೇ ಇಲ್ಲ, ಚೀಲದ ಹೆಸರೇ ಹೆಸರು. ಗಣಿತ ಕಲಿಸಿ ನಿವೃತ್ತರಾದ ನಮ್ಮ ಯಜಮಾನರು ಒಮ್ಮೆ ಹಿತ್ತಲಲ್ಲಿ ನಿಂತು, ಮಂಜುಳ–ಗಿರೀಶ ಎಲ್ಲಿಗೆ ಬಂತು ಎಂದು ಕೇಳಿದರು. ನಾನು ಒಳಗಿನಿಂದಲೇ, ಜಗಳ ಶುರುವಾಗಿದೆ, ಗಂಡ ಮನೆ ಬಿಟ್ಟು ಹೋಗುವ ಹಾಗಿದೆ ಎಂದೆ. ಪಕ್ಕದ ಮನೆಯಾಕೆ ಕೇಳಿಸಿಕೊಂಡರು. ಎರಡು ದಿನದಲ್ಲಿ ಸುದ್ದಿ ಮಂಜುಳಾಳ ತಾಯಿಯನ್ನು ತಲುಪಿ, ಆಕೆ ಗಾಬರಿಯಿಂದ ಮಗಳ ಮನೆಗೆ ಹೊರಟು ನಿಂತಿದ್ದರಂತೆ. ಅವರಿಗೆ ಚೀಲ ತೋರಿಸಿ, ಒಳಗಿನ ಕಾದಂಬರಿ ತೋರಿಸಿ, ಕಾಫಿ ಕೊಟ್ಟು ಕಳಿಸುವಷ್ಟರಲ್ಲಿ ಸಾಕಾಯಿತು.

ಚೀಲದ ಪದ್ಧತಿ ಸುಮ್ಮನೆ ಬಂದದ್ದಲ್ಲ. ಮೊದಲು ನಾನೂ ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡೇ ಕೆಲಸ ಮಾಡುತ್ತಿದ್ದೆ. ಆಗ ಪೆರೇಸಂದ್ರದ ದ್ರಾಕ್ಷಿ ಬೆಳೆಗಾರರೊಬ್ಬರ ಮಕ್ಕಳ ಪದ್ಯಗಳೂ ಇನ್ನಾರದೋ ಕಾದಂಬರಿಯೂ ಒಟ್ಟಿಗೆ ನಡೆಯುತ್ತಿದ್ದವು. ಕಾದಂಬರಿಯ ಮುಖ್ಯೋಪಾಧ್ಯಾಯರ ಪಾತ್ರಕ್ಕಾಗಿ ಬರೆದಿಟ್ಟ ತಿದ್ದುಪಡಿ ಚೀಟಿ ಪದ್ಯದ ಹಾಳೆಗೆ ಅಂಟಿಕೊಂಡು, ಮರ ಹತ್ತಬೇಕಾದ ಮಂಗ ರಾಜೀನಾಮೆ ಕೊಟ್ಟುಬಿಟ್ಟಿತು. ಅಚ್ಚಿಗೆ ಹೋಗುವ ಮುನ್ನ ಸಿಕ್ಕಿತು, ಪುಣ್ಯ. ಆ ಕವಿ ಮಾತ್ರ, ಮಂಗಕ್ಕೂ ಬೇಜಾರಾಗಿರಬಹುದು, ಇರಲಿ ಬಿಡಿ ಎಂದು ನಕ್ಕಿದ್ದರು.

ಆ ದಿನ ನನಗೆ ಅಮ್ಮನ ನೆನಪಾಯಿತು. ನಾನು ಬೆಳೆದದ್ದು ತೊಂಡೇಬಾವಿಯಲ್ಲಿ. ಅಮ್ಮ ಊರಿನ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದಳು. ಯುಗಾದಿ ಹತ್ತಿರ ಬಂದರೆ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಾಗಿಲಿಂದ ಒಲೆಯವರೆಗೆ ಕತ್ತರಿಸಿದ ತೋಳು, ಬೆನ್ನು, ಕತ್ತಿನ ಪಟ್ಟಿ. ಒಬ್ಬೊಬ್ಬರ ತುಂಡುಗಳನ್ನೂ ಅವರದೇ ಬಟ್ಟೆಯ ಅಂಚಿನಿಂದ ಕಟ್ಟಿ ಗಂಟುಮಾಡಿ ಸಾಲಾಗಿ ಇಡುತ್ತಿದ್ದಳು. ರೈಲು ಹೋದಾಗ ಆ ಗಂಟುಗಳೂ ಸಣ್ಣಗೆ ಅದುರುತ್ತಿದ್ದವು. ಒಂದು ವರ್ಷ ಬೆಕ್ಕು ಆ ಗಂಟುಗಳ ಮಧ್ಯೆಯೇ ಮರಿ ಹಾಕಿ ಎಲ್ಲವನ್ನೂ ಕಲಸಿಬಿಟ್ಟಿತು. ಹಬ್ಬದ ದಿನ ಇಬ್ಬರು ಹೆಂಗಸರು ಒಬ್ಬರ ತೋಳು ಇನ್ನೊಬ್ಬರ ರವಿಕೆಯಲ್ಲಿಟ್ಟುಕೊಂಡು ದೇವಸ್ಥಾನಕ್ಕೆ ಹೋದರು. ಇಬ್ಬರೂ ಅದನ್ನು ಹೊಸ ಫ್ಯಾಷನ್ ಎಂದೇ ತಿಳಿದಿದ್ದರು. ಮುಂದಿನ ತಿಂಗಳು ನಾಲ್ಕಾರು ಜನ ಬಂದು ತಮಗೂ ಹಾಗೇ ಬೇರೆ ಬಣ್ಣದ ತೋಳು ಬೇಕೆಂದರು. ನನಗೆ ಖುಷಿಯೋ ಖುಷಿ. ಅಮ್ಮ ಹೊಲಿದುಕೊಟ್ಟಳು, ಆದರೆ ನನ್ನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದಳು: “ಜನ ಮೆಚ್ಚಿದ್ರು ಅಂತ ತಪ್ಪು ಸರಿಯಾಗಲ್ಲ ಕಣೇ. ಅವರವರ ತೋಳು ಅವರವರಿಗೆ ಸೇರಬೇಕು.”

ಹೀಗೆ ಹುಟ್ಟಿದವು ನನ್ನ ನೇಮಗಳು. ಒಂದು ಚೀಲ ಮೊಳೆಯಿಂದ ಇಳಿದರೆ ಅದು ಮೇಲೇರುವತನಕ ಇನ್ನೊಂದು ಇಳಿಯಕೂಡದು. ಕಾದಂಬರಿಗೆ ಕೆಂಪು ಶಾಯಿ, ಕಥೆಗಳಿಗೆ ನೇರಳೆ, ಪದ್ಯಕ್ಕೆ ಪೆನ್ಸಿಲ್. ಒಂದರಿಂದ ಇನ್ನೊಂದಕ್ಕೆ ಹೋಗುವ ಮೊದಲು ಮಹಡಿ ಹತ್ತಿ ಒಗೆದ ಬಟ್ಟೆ ತಂದು ಮಡಿಸಿಡಬೇಕು. ಅಷ್ಟರಲ್ಲಿ ಹಳೆಯ ಪಾತ್ರಗಳು ತಲೆಯಿಂದ ಇಳಿದಿರುತ್ತವೆ. ಇದರಿಂದಾಗಿ ಎಷ್ಟೋ ವರ್ಷಗಳಿಂದ ನಮ್ಮ ಮನೆಯ ಬಟ್ಟೆ ಮಳೆಯಲ್ಲಿ ನೆನೆದಿಲ್ಲ. ಎಲ್ಲಕ್ಕಿಂತ ದೊಡ್ಡ ನೇಮ ಒಂದಿದೆ. ಒಂದು ಚೀಲದ ಮಾತು ಇನ್ನೊಂದು ಚೀಲದವರ ಕಿವಿಗೆ ಬೀಳಬಾರದು. ಇನ್ನೂ ಅಚ್ಚಾಗದ ಬರಹ ಬಾಣಂತಿ ಮನೆಯಿದ್ದ ಹಾಗೆ. ಅಲ್ಲಿ ಕಂಡದ್ದನ್ನು ಬೀದಿಯಲ್ಲಿ ಹೇಳುವವರನ್ನು ಎರಡನೆಯ ಸಲ ಒಳಗೆ ಬಿಡುವುದಿಲ್ಲ. ನಾಲ್ಕನೆಯ ಚೀಲ, ಆ ಹೆಸರಳಿದದ್ದು, ನನ್ನ ಸ್ವಂತ ಕಥೆಗಳದ್ದು. ಅದಕ್ಕೆ ಯಾವ ನೇಮವೂ ಇಲ್ಲ, ಏಕೆಂದರೆ ಅದು ಇಳಿಯುವುದೇ ಇಲ್ಲ.

ಇಷ್ಟು ಹೇಳಿದ್ದು ಈ ವರ್ಷ ನಡೆದ ಒಂದು ಸಂಗತಿ ಹೇಳುವುದಕ್ಕೆ. ಸಂಕ್ರಾಂತಿಯ ಹೊತ್ತಿಗೆ ನನ್ನ ಕೈಯಲ್ಲಿ ಎರಡು ದೊಡ್ಡ ಕೆಲಸಗಳಿದ್ದವು. ಕೆಂಪು ಚೀಲದಲ್ಲಿ ಗೌರಿಬಿದನೂರಿನ ಸುಮಿತ್ರಮ್ಮನವರ ಕಾದಂಬರಿ. ಅವರು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ತಂದೆಯೂ ಕನ್ನಡ ಪಂಡಿತರೇ. ಹುಟ್ಟಿದಂದಿನಿಂದ ಪುಸ್ತಕದ ಭಾಷೆಯಲ್ಲೇ ಬೆಳೆದವರಾದ್ದರಿಂದ, ಹಾಲಿನವನಿಗೂ “ಇಂದು ಹಾಲು ಕೊಂಚ ತೆಳುವಾಗಿದೆಯಲ್ಲ” ಎನ್ನುವ ಹೆಂಗಸು. ಹಳದಿ ಚೀಲದಲ್ಲಿ ಚಿಂತಾಮಣಿಯ ಆದಿಲಕ್ಷ್ಮಮ್ಮನವರ ಕಥೆಗಳು. ಅವರು ಗಡಿಯಾಚೆಯ ಹಳ್ಳಿಯವರು, ತೆಲುಗು ಶಾಲೆಯಲ್ಲಿ ಐದನೇ ಕ್ಲಾಸು. ಕನ್ನಡವನ್ನು ಕಿವಿಯಿಂದ ಕಲಿತು ನೀರು ಕುಡಿದಂತೆ ಆಡುತ್ತಾರೆ. ಅಕ್ಷರ ಮಾತ್ರ ಓದಲು ಬರುವುದಿಲ್ಲ. ಅವರು ಕಥೆ ಹೇಳುತ್ತಾರೆ, ಸೊಸೆ ಸ್ವಾತಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕನ್ನಡದಲ್ಲಿ ಟೈಪ್ ಮಾಡಿ, ಎರಡನ್ನೂ ನನಗೆ ಕಳಿಸುತ್ತಾಳೆ. ಈ ಇಬ್ಬರು ಹಿರಿಯರಿಗೂ ಒಬ್ಬರ ಪುಸ್ತಕ ನನ್ನಲ್ಲಿರುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಕಾರಣವೂ ಇರಲಿಲ್ಲ.

ಒಂದು ಬೆಳಿಗ್ಗೆ ಕೆಂಪು ಚೀಲದ ಹದಿನಾಲ್ಕನೆಯ ಅಧ್ಯಾಯಕ್ಕೆ ಬಂದೆ. ಕಥಾನಾಯಕಿ ಹೊಸದಾಗಿ ಮದುವೆಯಾಗಿ ಶಿಡ್ಲಘಟ್ಟದ ಒಂದು ವಠಾರಕ್ಕೆ ಬರುತ್ತಾಳೆ. ಓದಿದ ಹುಡುಗಿ, ಮುದ್ದೆ ತಿರುವಲು ಬಾರದು. ಪಕ್ಕದ ಮನೆಯ ಯಶೋದ ಅವಳಿಗೆ ಎಲ್ಲ ಕಲಿಸುತ್ತಾಳೆ. ಯಶೋದಳ ಮನೆಯ ಹಿಂದೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಫಿಲೇಚರ್ ಇದೆ. ಎರಡು ಮನೆಗೂ ನಡುವೆ ಒಂದೇ ಗೋಡೆ. ಅದರಲ್ಲಿ ಒಂದು ಇಟ್ಟಿಗೆ ಸಡಿಲ. ಅದನ್ನು ಸರಿಸಿದರೆ ಒಂದು ಕಿಂಡಿ. ಆ ಕಿಂಡಿಯಲ್ಲಿ ಸಾರಿನ ಬಟ್ಟಲು, ಉಪ್ಪಿನಕಾಯಿ, ಮಗುವಿನ ಬಜೆ, ಊರ ಸುದ್ದಿ ಎಲ್ಲವೂ ದಾಟುತ್ತಿದ್ದವು. ಒಂದು ದಿನ ಯಶೋದಳ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ನಾಯಕಿ ಒಳ್ಳೆಯ ಸೀರೆ ಉಟ್ಟು ಸಹಾಯಕ್ಕೆ ಹೋಗುತ್ತಾಳೆ. ಬಾಗಿಲಲ್ಲಿ ನಿಂತು, ‘ಮನೆಯೆಲ್ಲಾ ಕಂಪು’ ಎಂದು ಬೆರಗಾಗಿ ನುಡಿಯುತ್ತಾಳೆ. ಯಶೋದಳ ಮುಖ ಇಳಿದುಹೋಗುತ್ತದೆ. ಮರುದಿನ ನೋಡಿದರೆ ಕಿಂಡಿಗೆ ಇಟ್ಟಿಗೆ ಬಿದ್ದಿದೆ, ಮಣ್ಣೂ ಮೆತ್ತಿದೆ. ಅಂದಿನಿಂದ ಮಾತಿಲ್ಲ. ಯಾಕೆ? ನಾಯಕಿಯ ಓದು ಕಂಡು ಯಶೋದಳಿಗೆ ಅಸೂಯೆ ಎಂದು ಸುಮಿತ್ರಮ್ಮ ಬರೆದಿದ್ದರು.

ನಾನು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿದೆ: ‘ಕಾರಣ ಸಾಲದು. ಅಷ್ಟು ಸಾರು ದಾಟಿಸಿದ ಕೈ ಅಸೂಯೆಗೆ ಇಟ್ಟಿಗೆ ಇಡುವುದಿಲ್ಲ.’ ಚೀಲ ಮೇಲೇರಿಸಿ, ಬಟ್ಟೆ ಮಡಿಸಿಟ್ಟು, ಆ ದಿನದ ಅಡಿಗೆಗೆ ಹೋದೆ.

ಅದೇ ವಾರ ಹಳದಿ ಚೀಲ ಇಳಿಯಿತು. ಆದಿಲಕ್ಷ್ಮಮ್ಮನವರ ‘ಓದಿದೋಳು’ ಎಂಬ ಕಥೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಕೆಲಸದ ಮನೆಯ ಹೆಂಗಸು ನಾದಿನಿಯ ಸಂಬಂಧಕ್ಕಾಗಿ ಎರಡು ದಿನ ಒಲೆ ಆರಿಸಿ, ಅಂಗಳ ತೊಳೆದು, ಗೂಡಿನ ವಾಸನೆ ಹೋಗಲೆಂದು ಸಾಂಬ್ರಾಣಿ ಹಾಕಿ, ಮೂಲೆ ಮೂಲೆಗೂ ಮಲ್ಲಿಗೆ ದಂಡೆ ಕಟ್ಟುತ್ತಾಳೆ. ಬೀಗರು ಬಂದು ಕೂತಿದ್ದಾರೆ. ಆಗ ಪಕ್ಕದ ಮನೆಯ ಓದಿದವಳು ಬಾಗಿಲಲ್ಲಿ ನಿಂತು, ಎಲ್ಲರೂ ಕೇಳುವ ಹಾಗೆ, ‘ಮನೆಯೆಲ್ಲಾ ಗಬ್ಬು ನಾತ’ ಎಂದುಬಿಡುತ್ತಾಳೆ. ಕೊನೆಯಲ್ಲಿ ಹೆಂಗಸು ಗೋಡೆಯ ಕಿಂಡಿಗೆ ಇಟ್ಟಿಗೆ ಮೆತ್ತುತ್ತಾಳೆ.

ಕಿಂಡಿ ಬಂದೊಡನೆ ನನ್ನ ಕೈ ನಿಂತಿತು. ಆದರೂ ಶಿಡ್ಲಘಟ್ಟದಲ್ಲಿ ವಠಾರಗಳಿಗೇನು ಬರ, ಕಿಂಡಿಗಳಿಗೇನು ಬರ ಎಂದುಕೊಂಡೆ. ನನ್ನನ್ನು ಕಾಡಿದ್ದು ಬೇರೆ. ಓದಿದ ಹೆಂಗಸು, ಅದೂ ಸಾರು ಹಂಚಿಕೊಂಡವಳು, ಬೀಗರ ಮುಂದೆ ಅಷ್ಟು ಒರಟು ಮಾತು ಆಡುತ್ತಾಳೆಯೇ? ಪಾತ್ರಕ್ಕೆ ಒಪ್ಪದ ಮಾತು. ಸ್ವಾತಿಯ ಟೈಪಿಂಗ್ ಇರಬಹುದೆಂದು ರೆಕಾರ್ಡಿಂಗ್ ಹಾಕಿದೆ. ಆದಿಲಕ್ಷ್ಮಮ್ಮನವರ ಧ್ವನಿ ಬಂತು. ಬಾಗಿಲಲ್ಲಿ ನಿಂತವಳ ಮಾತನ್ನು ಅವರು ಅವಳ ದನಿಯಲ್ಲೇ ಹೇಳುತ್ತಿದ್ದರು: “ಮನೆಯೆಲ್ಲಾ ಕಂಪು, ಅಂದ್ಲು.”

ರೆಕಾರ್ಡಿಂಗ್ ನಿಲ್ಲಿಸಿ, ಆ ಮಾತನ್ನು ಇನ್ನೊಮ್ಮೆ ಹಾಕಿ ಕೇಳಿದೆ. ತೆಲುಗು ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ, ಬಾರದವರಿಗೆ ಹೇಳುತ್ತೇನೆ. ಇವತ್ತಿನ ಆಡುತೆಲುಗಿನಲ್ಲಿ ಕಂಪು ಎಂದರೆ ನಾತ. ಕನ್ನಡದಲ್ಲಿ ಪರಿಮಳ. ಕನ್ನಡದ ಕಂಪು ಪುಸ್ತಕದ ಮಾತು. ನಮ್ಮ ಸಂತೆಯಲ್ಲಿ ಮಲ್ಲಿಗೆ ಮಾರುವವರು ಘಮ ಘಮ ಎನ್ನುತ್ತಾರೆಯೇ ಹೊರತು ಕಂಪು ಎಂದು ಯಾರೂ ಕೂಗುವುದಿಲ್ಲ. ಕಿವಿಯಿಂದ ಕನ್ನಡ ಕಲಿತವರಿಗೆ ಆ ಪದ ಸಿಗುವ ಜಾಗವೇ ಇಲ್ಲ. ಹಾಲಿನವನೊಡನೆಯೂ ಪುಸ್ತಕದ ಭಾಷೆ ಆಡುವ ಹುಡುಗಿ ಮನಸಾರೆ ಹೊಗಳಿದ್ದಳು. ಎರಡು ದಿನ ನಾತದೊಡನೆ ಹೋರಾಡಿದ ಹೆಂಗಸಿಗೆ ಅದು ಬೀಗರ ಮುಂದೆ ಬಿದ್ದ ಏಟಾಗಿತ್ತು. ಎರಡೂ ಕಟ್ಟುಕಥೆಯಲ್ಲ, ಬರೆದವರ ಬಾಳಲ್ಲೇ ನಡೆದದ್ದು, ಮೂವತ್ತು ವರ್ಷಕ್ಕೂ ಮೇಲಿನ ಮಾತು. ಇಬ್ಬರೂ ಮರೆಯದೆ ಬರೆದಿದ್ದರು. ಆ ಬರಹಗಳೆರಡೂ ನನ್ನ ಗೋಡೆಯ ಮೇಲೆ ಒಂದು ಗೇಣು ಅಂತರದಲ್ಲಿ ತೂಗುತ್ತಿದ್ದವು.

ಯಜಮಾನರಿಗೆ ಹೇಳಿದೆ. ಹೆಸರು ಹೇಳಲಿಲ್ಲ, ಹಳದಿ, ಕೆಂಪು ಎಂದಷ್ಟೇ. ಅವರಿಗೆ ಇದೊಂದು ಲೆಕ್ಕವೇ ಅಲ್ಲ. “ಎರಡು ಫೋನ್ ಮಾಡು, ಮುಗೀತು. ಇಬ್ಬರಿಗೂ ಒಳ್ಳೇದಲ್ವಾ?” ಎಂದರು.

ಒಳ್ಳೆಯದೇ. ಆದರೆ ನನ್ನನ್ನು ನಂಬಿ ಕೊಟ್ಟ ಬರಹದಿಂದ ಒಂದು ಮಾತು ಕದ್ದು ಇನ್ನೊಬ್ಬರಿಗೆ ಕೊಡುವುದು, ಅದು ಬಂಗಾರದ ಮಾತೇ ಆಗಿರಲಿ, ಆಗದ ಕೆಲಸ. ಇಂದು ಒಳ್ಳೆಯದಕ್ಕೆ ನೇಮ ಮುರಿದರೆ ನಾಳೆ ರುಚಿಗೆ ಮುರಿಯುತ್ತೇನೆ. ಹಾಗೆಂದು ಸುಮ್ಮನಿರುವುದೂ ಸಾಧ್ಯವಿರಲಿಲ್ಲ. ಹೀಗೇ ಅಚ್ಚಾದರೆ ಇಬ್ಬರೂ ಒಬ್ಬರನ್ನೊಬ್ಬರು ಊರೆಲ್ಲ ಓದುವ ಹಾಗೆ ತಪ್ಪಾಗಿ ಬರೆದಂತಾಗುತ್ತದೆ. ಅಚ್ಚಾದ ಮೇಲೆ ನೇರಳೆ ಶಾಯಿಯೂ ಕೆಂಪು ಶಾಯಿಯೂ ಕೆಲಸಕ್ಕೆ ಬರುವುದಿಲ್ಲ.

ಅಂದು ಸಂಜೆ ಮಹಡಿಯಲ್ಲಿ ಬಟ್ಟೆ ಮಡಿಸುವಾಗ ಹೊಳೆಯಿತು. ಕೆಂಪು ಚೀಲ ಮುಟ್ಟುವುದೇ ಬೇಕಾಗಿಲ್ಲ. ಹಳದಿ ಚೀಲದೊಳಗೇ ಒಂದು ನ್ಯಾಯವಾದ ಪ್ರಶ್ನೆ ಇದೆ. ಹೇಳಿದ್ದು ಕಂಪು, ಟೈಪಾದದ್ದು ನಾತ. ಯಾವುದನ್ನು ಅಚ್ಚು ಹಾಕಬೇಕು? ಇದನ್ನು ಕೇಳುವುದು ತಿದ್ದುವವಳ ಕೆಲಸ. ಕೇಳದಿದ್ದರೇ ತಪ್ಪು. ನನ್ನ ನೇಮದ ಮೇಲೆ ನನಗೆ ಆ ಸಂಜೆ ಎಷ್ಟು ಹೆಮ್ಮೆಯಾಯಿತೆಂದರೆ, ಯಜಮಾನರ ಎರಡು ಷರ್ಟುಗಳನ್ನು ಒಂದರೊಳಗೊಂದು ಸೇರಿಸಿ ಮಡಿಸಿಬಿಟ್ಟಿದ್ದೆ.

ಮರುದಿನ ಚಿಂತಾಮಣಿ ಬಸ್ಸು ಹತ್ತಿದೆ. ಶಿಡ್ಲಘಟ್ಟದ ಹತ್ತಿರ ಬೇಯಿಸಿದ ಗೂಡಿನ ವಾಸನೆ ಕಿಟಕಿಯಿಂದ ನುಗ್ಗಿದಾಗ, ಮುಂದಿನ ಸೀಟಿನ ಹುಡುಗಿ ಮೂಗಿಗೆ ವೇಲ್ ಒತ್ತಿಕೊಂಡಳು. ಪಕ್ಕದಲ್ಲಿದ್ದ ಊರಿನ ಹೆಂಗಸು ಅವಳನ್ನು ಒಮ್ಮೆ ನೋಡಿ ಮುಖ ತಿರುಗಿಸಿದಳು. ಅದನ್ನು ಕಂಡು ಆದಿಲಕ್ಷ್ಮಮ್ಮನವರ ಕಥೆ ನನಗೆ ಇನ್ನಷ್ಟು ಅರ್ಥವಾಯಿತು.

ಆದಿಲಕ್ಷ್ಮಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನಗೂ ಒಂದು ಹಿಡಿ ಕಾಯಿ ಮುಂದಿಟ್ಟರು. ಅವರ ಮನೆಯಲ್ಲಿ ಖಾಲಿ ಕೈಯಲ್ಲಿ ಕೂರುವ ಪದ್ಧತಿ ಇಲ್ಲ. ಎರಡು ಸಣ್ಣ ಸಂದೇಹ ಕೇಳಿ ಮುಗಿಸಿ ಮೂರನೆಯದಕ್ಕೆ ಬಂದೆ.

“ಅಮ್ಮಾ, ಆ ಓದಿದೋಳು ಬಾಗಿಲಲ್ಲಿ ಆಡಿದ ಮಾತು ಯಾವುದು? ನೀವು ಕಂಪು ಅಂದಿದೀರ, ಸ್ವಾತಿ ನಾತ ಅಂತ ಹಾಕಿದಾಳೆ.”

“ಕಂಪು ಅಂತಲೇ ಅಂದಿದ್ದು. ಇನ್ನೂ ಕಿವೀಲಿದೆ. ಎರಡೂ ಒಂದೇ ಅಲ್ವೇನಮ್ಮಾ?”

“ಅವಳು ತೆಲುಗಲ್ಲಿ ಅಂದ್ಲಾ?”

“ಅವಳಿಗೆಲ್ಲಿ ತೆಲುಗು? ಒಂದಕ್ಷರ ಬರ್ತಿರ್ಲಿಲ್ಲ. ಬರೀ ಕನ್ನಡ, ಅದೂ ಪುಸ್ತಕದ ಕನ್ನಡ.”

ಹೇಳಿದ ಮೇಲೆ ಆಕೆಯ ಬೆರಳು ನಿಂತಿತು. ತಾನೇ ಆಡಿದ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳುವವರಂತೆ ಪುಸ್ತಕದ ಕನ್ನಡ ಎಂದು ತುಟಿಯಲ್ಲೇ ಅಂದುಕೊಂಡರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

“ಕನ್ನಡದಲ್ಲಿ ಕಂಪು ಅಂದ್ರೆ ಏನು?”

“ಒಳ್ಳೆ ವಾಸನೆ ಅಮ್ಮಾ. ಮಲ್ಲಿಗೇದು, ಸಾಂಬ್ರಾಣೀದು.”

ಒಳಗಿನಿಂದ ಸ್ವಾತಿ ಬಂದು ಬಾಗಿಲಲ್ಲಿ ನಿಂತಳು. ಅತ್ತೆ ಅವಳ ಕಡೆ ನೋಡಿದರು. ಅವಳು ಹೌದೆಂದು ತಲೆಯಾಡಿಸಿದಳು. ಶಾಲೆಯ ಪದ್ಯದಲ್ಲಿ ಓದಿದ್ದಳಂತೆ. ಅತ್ತೆಯ ಬಾಯಲ್ಲಿ ಕೇಳಿದಾಗ ತೆಲುಗಿನ ಪದವೆಂದೇ ತಿಳಿದು, ಕನ್ನಡದವರಿಗೆ ಅರ್ಥವಾಗಲಿ ಎಂದು ನಾತ ಎಂದು ಬದಲಿಸಿದ್ದಳು. ತಪ್ಪೇನಿಲ್ಲ, ಅನುವಾದ ಸರಿಯಾಗಿಯೇ ಇತ್ತು.

ಆದಿಲಕ್ಷ್ಮಮ್ಮ ಅಳಲಿಲ್ಲ. ಸುಲಿದ ಕಾಳನ್ನು ಒಂದು ಕಡೆ ಸರಿಸಿ, ಆ ದಿನ ಏನೇನು ಮಾಡಿದ್ದರೆಂದು ಮೊದಲಿಂದ ಹೇಳತೊಡಗಿದರು. ಕಥೆಯಲ್ಲಿ ಇಲ್ಲದ್ದೂ ಬಂತು. ಮಲ್ಲಿಗೆ ಸಾಲದೆ ದೇವಸ್ಥಾನದ ಹತ್ತಿರ ಇನ್ನೊಂದು ಸಲ ಓಡಿದ್ದು, ಗಂಡ ಗೊಣಗಿದ್ದು, ಅಷ್ಟಾದರೂ ಬೀಗರಲ್ಲಿ ಒಬ್ಬರೂ ಮನೆ ಚೆನ್ನಾಗಿದೆ ಎಂದು ಒಂದು ಮಾತು ಆಡದಿದ್ದದ್ದು. ಕೊನೆಗೆ, “ನಾನು ಪಟ್ಟ ಕಷ್ಟ ಕಂಡೋಳು ಅವಳೊಬ್ಬಳೇ. ಅವಳಿಗೇ ಬಾಗಿಲು ಹಾಕ್ದೆ,” ಎಂದರು.

ಆ ಕಥೆ ಪುಸ್ತಕದಿಂದ ತೆಗೆದುಬಿಡಿ ಎಂದು ಕೇಳಿಕೊಂಡರು. ನಾನು ಒಪ್ಪಲಿಲ್ಲ. ಅವರ ಕಥೆಗಳಲ್ಲೆಲ್ಲ ಚೆನ್ನಾದದ್ದು ಅದೇ, ಮುಗಿದಿಲ್ಲ ಅಷ್ಟೇ ಎಂದೆ. ಹೊರಡುವಾಗ ಅವರು, ಅವಳು ಗೌರಿಬ್ದೂರಿನ ಕಡೆಯವಳು, ಸುಮಿತ್ರ ಅಂತ ಹೆಸರು, ಟೀಚರ್ ಆದಳೆಂದು ಕೇಳಿದ್ದೆ, ನಿಮಗೇನಾದರೂ ಗೊತ್ತೇ ಎಂದರು. ನಂಬರು ನನ್ನ ಮೊಬೈಲಿನಲ್ಲೇ ಇತ್ತು. ಸುಳ್ಳು ಹೇಳಬಾರದು, ನೇಮವನ್ನೂ ಮುರಿಯಬಾರದು. ಗೊತ್ತಿದೆ, ಆದರೆ ಅವರನ್ನು ಕೇಳದೆ ಕೊಡುವುದಿಲ್ಲ ಎಂದೆ. ಆಕೆ ಅದಕ್ಕೆ ಬೇಸರಿಸಲಿಲ್ಲ. ಒಂದು ಚೀಲದ ತುಂಬ ಅವರೆಕಾಯಿ ಕೊಟ್ಟು ಕಳಿಸಿದರು.

ಸುಮಿತ್ರಮ್ಮನವರಿಗೆ ಫೋನ್ ಮಾಡಿ, ಶಿಡ್ಲಘಟ್ಟದಲ್ಲಿ ನಿಮ್ಮ ಪಕ್ಕದ ಮನೆಯಲ್ಲಿದ್ದ ಆದಿಲಕ್ಷ್ಮಮ್ಮ ನಿಮ್ಮ ನಂಬರು ಕೇಳುತ್ತಿದ್ದಾರೆ, ಕೊಡಲೇ ಎಂದಷ್ಟೇ ಕೇಳಿದೆ. ಆದಿಲಕ್ಷ್ಮಮ್ಮನವರಿಗೆ ನಾನು ಹೇಗೆ ಗೊತ್ತು ಎಂದು ಸುಮಿತ್ರಮ್ಮ ಕೇಳಲಿಲ್ಲ. ಬರೆಯುವವರ ಮನಸ್ಸು ಎಷ್ಟು ವಿಚಿತ್ರ ನೋಡಿ, ಅವರು ಮೊದಲು ಕೇಳಿದ್ದು ಇದು:

“ಈಗ ಆಕೆ ಒಳ್ಳೆಯವರಾಗಿಬಿಟ್ಟರೆ ನನ್ನ ಹದಿನಾಲ್ಕನೆಯ ಅಧ್ಯಾಯದ ಗತಿ ಏನು?”

ನನಗೆ ನಗು ಬಂತು, ತಡೆದುಕೊಂಡೆ. ಅಧ್ಯಾಯ ಎಲ್ಲಿಗೂ ಓಡಿಹೋಗುವುದಿಲ್ಲ, ನನ್ನ ಗೋಡೆಯ ಮೇಲೆ ಭದ್ರವಾಗಿದೆ ಎಂದೆ. ಆಮೇಲೆ ಅವರು, ಆ ಪುಸ್ತಕದ ಭಾಷೆಯನ್ನೆಲ್ಲ ಎಲ್ಲೋ ಬಿಟ್ಟು, “ಲಕ್ಷ್ಮಕ್ಕ ಚೆನ್ನಾಗಿದಾರಾ?” ಎಂದರು.

ಚೆನ್ನಾಗಿದ್ದಾರೆ ಎಂದೆ. ನಂಬರು ಕೊಡಿ ಎಂದರು.

ಫೋನಿನಲ್ಲಿ ಇಬ್ಬರೂ ಹೇಗಿದ್ದೀರಿ, ಮಕ್ಕಳೆಷ್ಟು ಎನ್ನುವುದಕ್ಕಿಂತ ಮುಂದೆ ಹೋಗಲಾರದೆ, ಮುಖ ನೋಡದೆ ಮಾತು ಬರುವುದಿಲ್ಲವೆಂದು ಒಪ್ಪಿಕೊಂಡರಂತೆ. ಎರಡೂ ಊರಿನಿಂದ ನೇರ ಬಸ್ಸಿರುವುದು ಚಿಕ್ಕಬಳ್ಳಾಪುರಕ್ಕೆ. ಹೀಗಾಗಿ ಒಂದು ಗುರುವಾರ ಬೆಳಿಗ್ಗೆ ಇಬ್ಬರೂ ನಮ್ಮ ನಡುಮನೆಯಲ್ಲಿ, ಅವರವರ ಚೀಲಗಳ ಕೆಳಗೇ, ಎದುರು ಬದುರು ಕೂತರು. ಸುಮಿತ್ರಮ್ಮ ಇಸ್ತ್ರಿ ಮಾಡಿದ ಕಾಟನ್ ಸೀರೆ, ಆದಿಲಕ್ಷ್ಮಮ್ಮ ಶಿಡ್ಲಘಟ್ಟದ ಕಾಲದ ರೇಷ್ಮೆ. ನಾನು ಕಾಫಿ ತರುತ್ತೇನೆಂದು ಎದ್ದೆ. ಇಬ್ಬರೂ ಒಟ್ಟಿಗೇ, ಬೇಡ, ಕೂತಿರಿ ಎಂದರು. ನಡುವೆ ಯಾರಾದರೂ ಒಬ್ಬರು ಇರಲಿ ಎಂದಿರಬೇಕು.

ಆದಿಲಕ್ಷ್ಮಮ್ಮನೇ ಹೇಳಿದರು. ಸುತ್ತಿ ಬಳಸಲಿಲ್ಲ. ಆ ದಿನ ನೀನು ಕಂಪು ಅಂದೆ, ನಮ್ಮ ಮಾತಲ್ಲಿ ಅದು ನಾತ, ನಾನು ಹಾಗೇ ತಿಳಿದೆ, ಈಗ ಗೊತ್ತಾಯಿತು ಎಂದರು. ಸುಮಿತ್ರಮ್ಮ ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಎಷ್ಟು ವರ್ಷ ಎಷ್ಟು ಮಕ್ಕಳಿಗೆ ಆ ಪದದ ಅರ್ಥ ಬರೆಸಿದ್ದೇನೆ, ಒಂದು ಸಲವೂ ಇದು ಹೊಳೆಯಲಿಲ್ಲವಲ್ಲ ಎಂದರು. ಆಮೇಲೆ ಏನೋ ನೆನಪಾದಂತೆ ಗಾಬರಿಯಿಂದ ಕೇಳಿದರು.

“ಮತ್ತೆ ಆ ಸಂಬಂಧ? ನನ್ನ ಮಾತಿಂದ ತಪ್ಪಿಹೋಯ್ತಾ?”

“ಎಲ್ಲಿ ತಪ್ತು? ಅವರೂ ತೆಲುಗಿನೋರೇ, ಆದ್ರೆ ಒಳಗೆ ಬೋಂಡ ತಿಂತಿದ್ರು, ಯಾರಿಗೂ ಕೇಳಿಸ್ಲೇ ಇಲ್ಲ. ಆ ಹುಡುಗನ್ನೇ ಮಾಡ್ಕೊಂಡ್ಲು. ಇಬ್ಬರು ಮೊಮ್ಮಕ್ಕಳು ಈಗ.”

“ಹಾಗಾದ್ರೆ ಯಾರಿಗೂ ಏನೂ ಆಗ್ಲಿಲ್ಲ. ಆದ್ರೂ ಮಾತು ಬಿಟ್ರಿ.”

“ನೀನು ಬಂದು ಯಾಕಕ್ಕಾ ಅಂತ ಕೇಳ್ತೀಯ ಅಂತ ಕಾದೆ. ಆ ವಠಾರ ಬಿಡೋವರ್ಗೂ ಕಾದೆ. ಟೀಚರ್ ಆಗೋಳು, ತಪ್ಪು ಬರೆದ ಮಕ್ಕಳನ್ನ ಕೂರಿಸ್ಕೊಂಡು ಕೇಳ್ತೀಯ. ನನ್ನನ್ನ ಯಾಕಮ್ಮಾ ಕೇಳ್ಲಿಲ್ಲ?”

ಹೆದರಿಕೆಯಾಗಿತ್ತು ಎಂದರು ಸುಮಿತ್ರಮ್ಮ. ಮುದ್ದೆ ತಿರುವಲು ಕಲಿಸಿದವರ ಮುಂದೆ ಅವಮಾನವಾಗಬಹುದೆಂಬ ಹೆದರಿಕೆ. ಅಸೂಯೆ ಎಂದುಕೊಂಡರೆ ಕೇಳುವ ತೊಂದರೆ ಇರಲಿಲ್ಲ. ಇಷ್ಟು ಹೇಳಿ ಅವರು ನನ್ನ ಕಡೆ ತಿರುಗಿ, ಹದಿನಾಲ್ಕನೆಯ ಅಧ್ಯಾಯ ಇಳಿಸಿ ಎಂದರು. ಹಳದಿ ಚೀಲದ ಕೆಲಸ ಆ ದಿನ ಇನ್ನೂ ಮುಗಿದಿರಲಿಲ್ಲ. ಆದರೂ ಕೆಂಪು ಇಳಿಸಿದೆ. ಬರೆದವರೇ ಕೈ ಚಾಚಿದಾಗ ನೇಮ ಹೇಳುವಷ್ಟು ನಾನು ಮಡಿವಂತಳಲ್ಲ. ಅವರು ಅಸೂಯೆ ಎಂಬ ಪದವಿರುವಲ್ಲೆಲ್ಲ ಗೆರೆ ಎಳೆದರು. ಕಾರಣ ಬರೆಯಲಿಲ್ಲ. ಆ ಹುಡುಗಿಗೆ ಆಗ ಗೊತ್ತಿರಲಿಲ್ಲ, ಗೊತ್ತಿಲ್ಲದೇ ಇರಲಿ, ಕಾರಣ ಬೇರೆಯವರ ಕಥೆಯದ್ದು ಎಂದರು. ನಾನು ಅಲ್ಲಿಯವರೆಗೆ ಒಂದಕ್ಷರ ಹೇಳಿರಲಿಲ್ಲ, ಆದರೂ ಅವರಿಗೆ ಗೋಡೆಯ ಇನ್ನೊಂದು ಚೀಲ ಅರ್ಥವಾಗಿತ್ತು. ಆದಿಲಕ್ಷ್ಮಮ್ಮ ಅಲ್ಲೇ ಕೂತು ನನ್ನ ಮೊಬೈಲಿಗೆ ತಮ್ಮ ಕಥೆಯ ಮುಂದಿನ ಭಾಗ ಹೇಳಿದರು. ‘ಕಂಪು’ ಕಂಪಾಗಿಯೇ ಉಳಿಯಿತು. ಹೀಗಾಗಿ ಎರಡು ಪುಸ್ತಕಗಳೂ ಈಗ ಮೊದಲಿಗಿಂತ ಚೆನ್ನಾಗಿವೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಇಬ್ಬರನ್ನೂ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಚಿಂತಾಮಣಿ ಬಸ್ಸು ಮೊದಲು ಬಂತು. ಆದಿಲಕ್ಷ್ಮಮ್ಮ ಮೆಟ್ಟಿಲು ಹತ್ತಿ, ಹಿಂದಿದ್ದವರು ನೂಕುತ್ತಿದ್ದರೂ ಕಂಬಿ ಹಿಡಿದು ನಿಂತು, ಸುಮಿತ್ರಮ್ಮನ ಕಡೆ ಬಗ್ಗಿದರು.

“ಮುಂದಿನ ವಾರ ಮನೆಗೆ ಬಾ. ಏನೇ ಹೇಳೋದಿದ್ರೂ ಬಾಗಿಲಲ್ಲಿ ನಿಂತು ಹೇಳ್ಬೇಡ. ಒಳಗೆ ಬಂದು, ಕೂತ್ಕೊಂಡು ಹೇಳು.”